ಬೀರುವಿನ ಹಿಂದಿನ ಜಾಯಿಂಟು

ಬೀರು ಗೋಡೆಯಿಂದ ಒಂದು ಗೇಣು ಸರಿಯುವಷ್ಟರಲ್ಲಿ ಅವಳ ಹೊಟ್ಟೆಯ ಹೊಲಿಗೆಯ ಜಾಗ ಚುರ್ರೆಂದಿತು. ಆಪರೇಷನ್ ಆಗಿ ಐದು ತಿಂಗಳಾಗಿತ್ತು. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದ್ದರು. ಎಳೆಯಬೇಡಿ ಎಂದೇನೂ ಹೇಳಿರಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಕೆಳಗಿನ ಎರಡು ಅರೆಗಳ ಫೈಲುಗಳನ್ನೆಲ್ಲ ನೆಲದ ಮೇಲೆ ಪೇರಿಸಿ, ಭುಜ ಕೊಟ್ಟು ನೂಕಿದ್ದಳು. ಈಗ ಆ ಸಂದಿಯೊಳಗೆ ತೋಳು ತೂರಿಸಿ, ಗೋಡೆಯ ರಂಧ್ರದಿಂದ ಒಳಬಂದ ಪೈಪು ಇನ್ನೊಂದು ಪೈಪಿಗೆ ಸೇರುವ ಜಾಯಿಂಟಿಗೆ ಬ್ರಷ್ಷಿನಿಂದ ಸೋಪಿನ ನೀರು ಬಳಿದು, ಟಾರ್ಚು ಹಿಡಿದು ಕಾದಳು.

ಮೊದಲು ಏನೂ ಆಗಲಿಲ್ಲ. ಸದ್ಯ, ಎಂದುಕೊಳ್ಳುವಷ್ಟರಲ್ಲಿ ಸಾಸಿವೆಯಷ್ಟು ಗುಳ್ಳೆಯೊಂದು ಎದ್ದಿತು. ಬಟಾಣಿಯಷ್ಟಾಯಿತು. ಒಡೆಯಿತು. ಅದೇ ಜಾಗದಲ್ಲಿ ಇನ್ನೊಂದು ಎದ್ದಿತು.

ಗಡಿಯಾರದಲ್ಲಿ ಹತ್ತೂಕಾಲು. ಮೂರು ಗಂಟೆಗೆ ಸಮಿತಿಯವರು ಬರುವವರಿದ್ದರು.

ಕೋಣೆಯ ನಡುವೆ ಆಳೆತ್ತರದ ಉಕ್ಕಿನ ಕೊಳವೆಯೊಂದು ನಿಂತಿತ್ತು. ಎಲ್ಲರೂ ಅದನ್ನು ಕಂಬ ಎನ್ನುತ್ತಿದ್ದರು. ಅದರ ತುಂಬ ಮೆಣಸಿನ ಕಾಳಿನ ಗಾತ್ರದ ಬೂದು ಗುಳಿಗೆಗಳು. ಕಾರ್ಖಾನೆಯ ಹೊಗೆಯಲ್ಲಿರುವ ಇಂಗಾಲದ ಅನಿಲವನ್ನು ಆ ಗುಳಿಗೆಗಳು ಹೀರಿಕೊಳ್ಳಬೇಕು, ಕಾಯಿಸಿದರೆ ಬಿಟ್ಟುಕೊಡಬೇಕು, ಬಿಟ್ಟುಕೊಟ್ಟದ್ದನ್ನು ಹಿಡಿದು ನೆಲದಾಳದ ಬಂಡೆಗಳೊಳಗೆ ತುಂಬಿಡಬೇಕು. ಮೇಷ್ಟ್ರು ಇಪ್ಪತ್ತೆರಡು ವರ್ಷಗಳಿಂದ ಇದೊಂದನ್ನೇ ಹಿಡಿದು ಕೂತಿದ್ದರು. ಅವರು ಈ ಪ್ರಯೋಗಾಲಯದ ಮುಖ್ಯಸ್ಥರು, ಅವಳಿಗೆ ಪಾಠ ಹೇಳಿದವರು. ಅವರ ಕೈಕೆಳಗೆ ಅವಳು ಸೇರಿ ಹದಿನೈದು ವರ್ಷವಾಗಿತ್ತು. ಅಷ್ಟೂ ಕಾಲ ಕಂಬ ನೂರಕ್ಕೆ ಅರವತ್ತೈದು, ಎಪ್ಪತ್ತರ ಮೇಲೆ ಹಿಡಿದಿರಲಿಲ್ಲ. ಬೇರೆಯವರ ಕಂಬಗಳದ್ದೂ ಅದೇ ಹಣೆಬರಹ. ನಾಲ್ಕು ತಿಂಗಳ ಹಿಂದೆ ಒಮ್ಮೆಲೇ ತೊಂಬತ್ತೊಂದಕ್ಕೆ ಹಾರಿತು. ಅದೇ ವಾರ ಹೊಸ ಗುಳಿಗೆ ತುಂಬಿದ್ದರಿಂದ ಯಶಸ್ಸೆಲ್ಲ ಗುಳಿಗೆಯ ಪಾಲಿಗೆ ಹೋಯಿತು.

ಒಂದೇ ಒಂದು ಕೊರಗು ಉಳಿದಿತ್ತು. ಕಾಯಿಸಿದಾಗ ಗುಳಿಗೆಗಳು ನುಂಗಿದ್ದಷ್ಟನ್ನೂ ಹೊರಗೆ ಬಿಡುತ್ತಿರಲಿಲ್ಲ. ಮೇಷ್ಟ್ರು ಅದಕ್ಕೂ ಚಂದದ ಉತ್ತರ ಕಂಡುಕೊಂಡಿದ್ದರು: ಉಳಿದದ್ದು ಗುಳಿಗೆಯೊಳಗೇ ಕಲ್ಲಾಗಿಬಿಟ್ಟಿದೆ. ಹಿಡಿಯುವುದೂ ಹೂಳುವುದೂ ಒಂದೇ ಕಡೆ! ಆ ದಿನ ಅವರು ಮಕ್ಕಳ ಹಾಗೆ ಕೋಣೆ ತುಂಬ ಓಡಾಡಿದ್ದರು. ಅವಳೂ ನಂಬಿದ್ದಳು. ಆದರೆ ಕಲ್ಲಾಗಿದ್ದರೆ ಗುಳಿಗೆ ಭಾರವಾಗಿರಬೇಕಲ್ಲ? ನಿನ್ನೆ ಸಂಜೆ ಮೂರು ಸಲ ತೂಗಿದಳು. ಒಂದು ಗ್ರಾಮೂ ಹೆಚ್ಚಿರಲಿಲ್ಲ.

"ಯಾರು ಹೇಳಿದ್ರು ನಿಮಗೆ ಬೀರು ಎಳೀರಿ ಅಂತ? ನಾನೇನು ಸತ್ತಿದ್ನಾ?"

ಬಾಗಿಲಲ್ಲಿ ಫಿಟ್ಟರು ನಿಂತಿದ್ದ. ಪ್ರಯೋಗಾಲಯದ ಪೈಪು, ನಲ್ಲಿ, ಪಂಪುಗಳೆಲ್ಲ ಮೂವತ್ತು ವರ್ಷಗಳಿಂದ ಅವನ ಸುಪರ್ದಿನಲ್ಲಿದ್ದವು.

"ಫಿಟ್ಟರಣ್ಣ, ಇಲ್ಲಿ ಬಂದು ನೋಡಿ."

ಅವನು ಬಗ್ಗಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೆ ಬಗ್ಗಿದ. ಎದ್ದು ನಿಂತಾಗ ಮುಖ ಇಳಿದುಹೋಗಿತ್ತು.

ಆ ಪೈಪು ಹಾಕಿದ್ದು ಅವನೇ. ಮೊದಲು, ಹೊಗೆಯ ಬದಲು ಕಂಬಕ್ಕೆ ಬಿಡುವ ಅನಿಲದ ಸಿಲಿಂಡರುಗಳು ಕೋಣೆಯೊಳಗೇ ಇದ್ದವು. ಖಾಲಿಯಾದಾಗಲೆಲ್ಲ ಅವಳೇ ಉರುಳಿಸಿಕೊಂಡು ಬಂದು ಬದಲಿಸಬೇಕಿತ್ತು. ಆಪರೇಷನ್ ಆಗಿ ಅವಳು ರಜೆಯಲ್ಲಿದ್ದಾಗ, ಒಂದು ಭಾನುವಾರ, ಯಾರೂ ಹೇಳದೆಯೇ ಬಂದು ಸಿಲಿಂಡರುಗಳನ್ನು ಹೊರಗಿನ ಪಡಸಾಲೆಗೆ ಸಾಗಿಸಿ, ಗೋಡೆ ಕೊರೆದು ಪೈಪು ಎಳೆದಿದ್ದ. ಅವಳು ಕೆಲಸಕ್ಕೆ ಮರಳಿದ ದಿನ, "ಇನ್ಮೇಲೆ ಸಿಲಿಂಡರ್ ತಂಟೆ ನಿಮಗೆ ಬೇಡ. ಅದು ನಂದು," ಎಂದಷ್ಟೇ ಹೇಳಿ ಹೋಗಿದ್ದ.

"ಎಲ್ಲಾ ಜಾಯಿಂಟಿಗೂ ಸೋಪು ಹಾಕಿ ನೋಡಿದ್ದೆ ಮೇಡಮ್ಮ," ಎಂದ. "ಇದೊಂದಕ್ಕೆ ಬೀರು ಅಡ್ಡ ಇತ್ತು. ಒಬ್ಬನ ಕೈಲಿ ಅಲ್ಲಾಡ್ಲಿಲ್ಲ. ಕೈ ತೂರಿಸಿ ಬಿಗಿ ಮಾಡ್ದೆ. ಮೂವತ್ತು ವರ್ಷದ ಕೈ, ಅದಕ್ಕೇನು ಪರೀಕ್ಷೆ ಅನ್ಕೊಂಡೆ." ಜಾಯಿಂಟಿನ ಕಡೆ ಮತ್ತೊಮ್ಮೆ ನೋಡಿ ಕೇಳಿದ, "ನಿಮ್ಮ ತೊಂಬತ್ತೊಂದು ಬಂದಿದ್ದೂ ಆಗಲೇ ಅಲ್ವಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಬಿಗಿ ಮಾಡ್ಲಾ?"

"ತಡೀರಿ. ಸರ್‌ಗೆ ಹೇಳಿ ಬರ್ತೀನಿ."

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಧ್ಯಾಹ್ನ ಓದಬೇಕಾದ ಹಾಳೆಗಳ ಮೇಲೆ ಬಗ್ಗಿ ಕೂತಿದ್ದರು. ತಿಂಗಳ ಕೊನೆಗೆ ಅವರ ನಿವೃತ್ತಿ. ಅದಕ್ಕೂ ಮುಂಚೆ ಸಮಿತಿ ಒಪ್ಪಿದರೆ ಸಿಮೆಂಟ್ ಕಾರ್ಖಾನೆಯ ಚಿಮಣಿಯ ಪಕ್ಕ ನಿಜವಾದ ಕಂಬ ಏಳುತ್ತಿತ್ತು, ಮೂರು ಮಹಡಿ ಎತ್ತರದ್ದು. ತೊಂಬತ್ತೊಂದಕ್ಕೆ ಯಾರೂ ಇಲ್ಲ ಎನ್ನುವಂತಿರಲಿಲ್ಲ.

"ಸರ್, ಸಿಲಿಂಡರಿಂದ ಬರೋ ಲೈನು ಸೋರ್ತಾ ಇದೆ. ಮೀಟರು ಸಿಲಿಂಡರ್ ಜೊತೆ ಹೊರಗಿದೆ. ಅದು ಎಣಿಸಿದ್ರಲ್ಲಿ ಎಷ್ಟೋ ಕಂಬದವರೆಗೂ ಬಂದೇ ಇಲ್ಲ, ದಾರೀಲೇ ಹೋಗಿದೆ. ನಾವು ಕಂಬ ನುಂಗ್ತು ಅಂತ ಬರ್ಕೊಂಡಿದೀವಿ."

ಅವರ ಪೆನ್ನು ಹಾಳೆಯ ಮೇಲೆ ನಿಂತುಬಿಟ್ಟಿತು. "ಎಷ್ಟು ಹೋಗಿದೆ?"

"ಬಿಗಿ ಮಾಡಿ ಓಡಿಸಿದ್ರೆ ಗೊತ್ತಾಗುತ್ತೆ. ಎರಡು ಗಂಟೆ ಬೇಕು."

"ಮೂರಕ್ಕೆ ಬರ್ತಾರೆ, ಐದಕ್ಕೆ ಹೋಗ್ತಾರೆ. ಐದೂಕಾಲಿಗೆ ನಾನೇ ಬಂದು ನಿನ್ನ ಜಾಯಿಂಟು ನೋಡ್ತೀನಿ. ಅಲ್ಲೀವರೆಗೂ ಅದನ್ನ ಮುಟ್ಟಬೇಡ."

"ಸರ್, ತಪ್ಪು ಅಂತ ಗೊತ್ತಿದ್ದೂ—"

"ಕಾಫಿ ಕುಡಿದ್ಯಾ? ಹೋಗಿ ಕುಡಿ. ಮುಖ ನೋಡು, ಹೇಗಾಗಿದೆ."

ಅವಳು ಪಡಸಾಲೆಗೆ ಬಂದಳು. ಕೆಲಸಕ್ಕೆ ಸೇರಿದ ಮೊದಲ ದಿನ ಇದೇ ಮನುಷ್ಯ, "ಅನುಮಾನ ಬಂದ್ರೆ ಬಿಚ್ಚಿ ನೋಡು, ನನ್ನನ್ನ ಕೇಳ್ತಾ ನಿಲ್ಲಬೇಡ," ಎಂದಿದ್ದರು. ಮುಟ್ಟಬೇಡ ಎಂಬ ಮಾತು ಅವರ ಬಾಯಲ್ಲಿ ಬಂದದ್ದು ಇದೇ ಮೊದಲು. ಪಡಸಾಲೆಯ ಈ ತುದಿಯಿಂದ ಆ ತುದಿಗೆ ನಡೆದಳು. ಕಾಫಿ ತಂದುಕೊಂಡು ಕುಡಿಯದೆ ಕಿಟಕಿಯ ಮೇಲಿಟ್ಟಳು. ಕೂತಳು, ಎದ್ದಳು. ಕೆಳಗೆ ಇಬ್ಬರು ಮೀಟಿಂಗ್ ಹಾಲಿಗೆ ಕುರ್ಚಿ ಸಾಗಿಸುತ್ತಿದ್ದರು. ಕುರ್ಚಿಯ ಕಾಲು ನೆಲಕ್ಕೆ ತಾಗಿದ ಪ್ರತಿ ಸದ್ದಿಗೂ ಕಿಟಕಿಯಿಂದ ಬಗ್ಗಿ ನೋಡುತ್ತಿದ್ದಳು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ, ಕಾರ್ಖಾನೆಯ ಕಂಬ ಎದ್ದು ನಿಲ್ಲುವವರೆಗೆ. ಹೇಳಿದರೆ ಮೇಷ್ಟ್ರ ಇಪ್ಪತ್ತೆರಡು ವರ್ಷ ಈ ಮಧ್ಯಾಹ್ನವೇ ಮುಗಿಯುತ್ತದೆ, ಅದೂ ಅವಳ ಬಾಯಿಂದ.

ಫೋನು ಬಡಿದುಕೊಂಡಿತು. ಅತ್ತೆ.

"ಬಂದ್ರೇನೇ ನಿಮ್ಮ ದೊಡ್ಡೋರು?"

"ಇನ್ನೂ ಇಲ್ಲ ಅತ್ತೆ. ಮೂರು ಗಂಟೆಗೆ."

"ಮಾತ್ರೆ ಮೇಜಿನ ಮೇಲೇ ಬಿಟ್ಟು ಹೋಗಿದೀಯ. ಇರ್ಲಿ, ಕೇಳು. ಪಕ್ಕದ ಮನೆಯಾಕೆಗೆ ಹೇಳ್ದೆ, ನಮ್ಮ ಸೊಸೆ ಹೊಗೆ ನುಂಗೋ ಕಂಬ ಮಾಡಿದಾಳೆ ಅಂತ. ಹಾಗಾದ್ರೆ ನಮ್ಮನೆಯೋರನ್ನ ಒಂದಿನ ಅದರ ಪಕ್ಕ ಕೂರಿಸ್ಬೇಕು ಅಂದ್ಲು. ಸಿಗರೇಟು ಬಿಡಿಸಿ ಬಿಡಿಸಿ ಸಾಕಾಗಿದೆಯಂತೆ ಅವಳಿಗೆ."

ಅವಳಿಗೆ ನಗು ಬಂತು. ನಗು ಮುಗಿಯುವ ಮೊದಲೇ ದನಿ ಇಳಿಯಿತು.

"ಅತ್ತೆ, ಅದು ನಾವು ಅಂದ್ಕೊಂಡಷ್ಟು ನುಂಗಿಲ್ಲ ಅನ್ಸುತ್ತೆ."

"ಎಷ್ಟು ನುಂಗಿದೆಯೋ ಅಷ್ಟು ಹೇಳಿದ್ರಾಯ್ತಪ್ಪ. ಅದಕ್ಯಾಕೆ ದನಿ ಹಾಗ್ಮಾಡ್ಕೊಂಡಿದೀಯ?"

"ಬೈತಾರೆ."

"ಬೈದ್ರೆ ಮನೆಗೆ ಬಾ. ಬಿಸಿ ಊಟ ಮಾಡಿ ಮಲಕ್ಕೋ. ಬೈದೋರು ಅಲ್ಲೇ ಇರ್ತಾರೆ."

ಅವಳು ಕೋಣೆಗೆ ಮರಳಿದಾಗ ಫಿಟ್ಟರು ಅಲ್ಲಿಂದ ಕದಲಿರಲಿಲ್ಲ. ನೆಲದ ಮೇಲಿದ್ದ ಫೈಲುಗಳನ್ನು ಇಸವಿಯ ಪ್ರಕಾರ ಜೋಡಿಸಿ, ಅವಳು ಬಗ್ಗುವುದು ಬೇಡವೆಂದು ಸ್ಟೂಲಿನ ಮೇಲೆ ಎತ್ತಿಟ್ಟಿದ್ದ.

"ಬಿಗಿ ಮಾಡಿ ಫಿಟ್ಟರಣ್ಣ."

"ಸಾಹೇಬ್ರು ಒಪ್ಪಿದ್ರಾ?"

"ಇಲ್ಲ."

ಅವನು ಅವಳ ಮುಖವನ್ನೊಮ್ಮೆ ನೋಡಿ, ಸ್ಪ್ಯಾನರ್ ಹಿಡಿದು ಬೀರುವಿನ ಹಿಂದೆ ತೂರಿದ. ಜಾಯಿಂಟು ಪೂರ್ತಿ ಬಿಚ್ಚಿ, ಒಳಗಿನ ಬಳೆಯಂಥ ವಾಷರು ಬದಲಿಸಿ, ಮತ್ತೆ ಕೂಡಿಸಿದ. ಈ ಸಲ ಸೋಪಿನ ನೀರು ತಾನೇ ಬಳಿದು, ಐದು ನಿಮಿಷ ಕಣ್ಣು ಕೀಳದೆ ನೋಡಿದ. ಹನ್ನೊಂದೂವರೆಗೆ ಅವಳು ಕಂಬಕ್ಕೆ ಅನಿಲ ಬಿಟ್ಟಳು.

ಗುಳಿಗೆಗಳಿಂದ ತಪ್ಪಿಸಿಕೊಂಡು ಕಂಬದ ಹೊರಬಂದ ಅನಿಲವನ್ನು ಅಳೆದು, ಕಂಬ ನೂರಕ್ಕೆ ಎಷ್ಟು ಹಿಡಿಯಿತು ಎಂದು ಯಂತ್ರ ಪರದೆಯ ಮೇಲೆ ತೋರಿಸುತ್ತಿತ್ತು. ಮೊದಲ ಅರ್ಧ ಗಂಟೆ ತೊಂಬತ್ತರ ಮೇಲೇ ಇತ್ತು. ಕಾಯಿಸಿ ಖಾಲಿ ಮಾಡಿದ ಗುಳಿಗೆ ಮೊದಮೊದಲು ಯಾವಾಗಲೂ ಹಾಗೆಯೇ. ಆಮೇಲೆ ಎಂಬತ್ತೆಂಟು. ಎಂಬತ್ತೈದು. ಅವಳು ಪರದೆಯ ಮುಂದೆ ನಿಲ್ಲಲಾರದೆ ಬಾಗಿಲಿಗೆ ಹೋಗಿ, ಬಾಗಿಲಲ್ಲಿ ನಿಲ್ಲಲಾರದೆ ಪರದೆಗೆ ಬರುತ್ತಿದ್ದಳು. ಎಪ್ಪತ್ತೊಂಬತ್ತಕ್ಕೆ ಇಳಿದಾಗ ಬೆನ್ನ ಹಿಂದೆ ಯಾರೋ ಉಸಿರಾಡಿದಂತಾಯಿತು. ಮೇಷ್ಟ್ರು.

ಬೈಗುಳಕ್ಕೆ ಅವಳು ಸಿದ್ಧಳಾದಳು. ಅವರು ಬೈಯಲಿಲ್ಲ. ಕೈಯಲ್ಲಿ ಓದುವ ಹಾಳೆಗಳೂ ಇರಲಿಲ್ಲ.

"ಗುಳಿಗೆ ತೂಗಿ ನೋಡಿದ್ಯಾ?"

"ನೋಡ್ದೆ ಸರ್. ನಿನ್ನೆ. ಮೂರು ಸಲ."

ಮೇಷ್ಟ್ರು ಕಂಬದ ತಣ್ಣನೆಯ ಮೈ ಮೇಲೆ ಅಂಗೈ ಇಟ್ಟರು. "ನಾನು ಭಾನುವಾರ ತೂಗಿದೆ. ಬೀಗದ ಕೈ ತಗೊಂಡು, ಯಾರಿಗೂ ಹೇಳದೆ ಬಂದೆ. ಆವತ್ತಿಂದ ಊಟ ಸೇರ್ತಿಲ್ಲ. ಮನೇಲಿ ಹೆಂಡತಿ, ನಿವೃತ್ತಿ ಚಿಂತೆ ಅಂದ್ಕೊಂಡು ದಿನಾ ಹೊಸ ಹೊಸ ಪ್ರವಾಸದ ಮಾತು ತೆಗೀತಾಳೆ, ಪಾಪ."

ಅವರು ಕೂರಲೆಂದು ಅವಳು ಸ್ಟೂಲಿನ ಮೇಲಿದ್ದ ಫೈಲುಗಳನ್ನು ಇಳಿಸಲು ಹೋದಳು. ಫಿಟ್ಟರು ಅವಳಿಗಿಂತ ಮೊದಲೇ ಇಳಿಸಿ, ಸ್ಟೂಲನ್ನು ಮೇಷ್ಟ್ರ ಹಿಂದೆ ಇಟ್ಟ. ಅವರು ಕೂತರು. ಮೂವರೂ ಅಂಕಿ ಇಳಿಯುವುದನ್ನು ನೋಡುತ್ತ ಉಳಿದರು. ಎಪ್ಪತ್ನಾಲ್ಕು. ಎಪ್ಪತ್ತು. ಒಂದೂವರೆಗೆ ಅರವತ್ತೆಂಟಕ್ಕೆ ಬಂದು ನಿಂತಿತು. ಇನ್ನೂ ಇಪ್ಪತ್ತು ನಿಮಿಷ ಕಾದರು. ಅಲ್ಲಿಂದ ಅದು ಅಲುಗಲಿಲ್ಲ.

"ಅರವತ್ತೆಂಟೇನು ಕಡಿಮೆಯಾ?" ಎಂದ ಫಿಟ್ಟರು ಮೆಲ್ಲಗೆ. "ನಮ್ಮ ಕಾಲದಲ್ಲಿ ಮೂವತ್ತೈದು ಬಂದ್ರೆ ಪಾಸು."

ಮೇಷ್ಟ್ರು ಜೋರಾಗಿ ನಕ್ಕರು. ನಗುವುದನ್ನು ನಿಲ್ಲಿಸಲು ಅವರಿಗೆ ಸ್ವಲ್ಪ ಹೊತ್ತೇ ಹಿಡಿಯಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನಾನು ಹೇಳ್ತೀನಿ ಸರ್," ಎಂದಳು ಅವಳು.

"ನೀನು ಹೇಳಿದ್ರೆ ತಪ್ಪು ನಿನ್ನ ತಲೆಗೆ ಬರುತ್ತೆ. ಇನ್ನೂ ಇಪ್ಪತ್ತು ವರ್ಷ ಕೆಲಸ ಮಾಡಬೇಕು ನೀನು. ನಾನು ಹೇಳಿದ್ರೆ, ಮುದುಕನಿಗೆ ವಯಸ್ಸಾಯ್ತು ಅಂತಾರೆ, ಅಲ್ಲಿಗೆ ಮುಗೀತು. ಸಿಲಿಂಡರನ್ನ ಹೊರಗೆ ಇಡಿಸಿದ್ದೂ ನಾನೇ ಅಂತೀನಿ."

"ಅದು ಬೇಡ ಸಾಹೇಬ್ರೇ." ಫಿಟ್ಟರು ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತಿದ್ದವನು ತಲೆ ಎತ್ತಿದ. "ನೆಟ್ಟಗಿದ್ದ ಕೆಲಸ ಎಲ್ಲಾ ನನ್ನ ಹೆಸರಲ್ಲಿದೆ. ಕೆಟ್ಟಿದ್ದೂ ನನ್ನ ಹೆಸರಲ್ಲೇ ಇರ್ಲಿ."

"ಅಲ್ಲಿ ಕೂತಿರೋರು ಏನೇನೋ ಕೇಳ್ತಾರಯ್ಯ."

"ಕೇಳ್ಲಿ. ಪೈಪಿನ ವಿಷಯ ತಾನೆ? ನನಗಿಂತ ಚೆನ್ನಾಗಿ ಇಲ್ಲಿ ಯಾರಿಗೆ ಗೊತ್ತು?"

ಮೂರು ಗಂಟೆಗೆ ಮೀಟಿಂಗ್ ಹಾಲಿನಲ್ಲಿ ಉದ್ದದ ಮೇಜಿನ ಸುತ್ತ ಆರು ಜನ ಕೂತಿದ್ದರು. ಮೇಜಿನ ತಲೆಯ ಕಡೆ ಅಧ್ಯಕ್ಷರು. ಆಮೇಲೆ ಕಾರ್ಖಾನೆಯ ಇಬ್ಬರು. ಕಿಟಕಿಯ ಪಕ್ಕ ನರೆಗೂದಲಿನ ಒಬ್ಬ ಹೆಂಗಸು, ನೆಲದಾಳದ ಬಂಡೆಗಳನ್ನು ಓದಿದವರಂತೆ. ಉಳಿದಿಬ್ಬರು ಯಾರೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ. ಎಲ್ಲರ ಮುಂದೆಯೂ ಒಂದೊಂದು ಫೈಲು, ಅದರ ಮೊದಲ ಹಾಳೆಯಲ್ಲೇ ತೊಂಬತ್ತೊಂದು. ಪ್ರಯೋಗಾಲಯದವರಿಗೆಂದು ಇಟ್ಟಿದ್ದ ಕುರ್ಚಿಗಳು ಎರಡೇ. ಫಿಟ್ಟರು ಹಾಲಿಗೆ ಬಂದೇ ಗೊತ್ತಿಲ್ಲದವನು. ಬಾಗಿಲ ಪಕ್ಕ ಗೋಡೆಗೆ ತಾಗದಂತೆ ನಿಂತ. ಅವನ ಖಾಕಿ ಅಂಗಿಯ ತೋಳಿಗೆ ಇನ್ನೂ ಸೋಪಿನ ಬಿಳಿ ಅಂಟಿತ್ತು.

ಮೇಷ್ಟ್ರು ಕೂರಲಿಲ್ಲ.

"ನಿಮಗೆ ಕಳಿಸಿರೋ ಅಂಕಿ ತಪ್ಪು," ಎಂದರು. "ಸರಿಯಾದದ್ದು ಅರವತ್ತೆಂಟು. ಇವತ್ತು ಮಧ್ಯಾಹ್ನ ಗೊತ್ತಾಯ್ತು. ನಿಜ ಹೇಳ್ಬೇಕು ಅಂದ್ರೆ ನನಗೆ ಭಾನುವಾರವೇ ಅನುಮಾನ ಇತ್ತು. ಬಾಯಿ ಬಿಡೋ ಧೈರ್ಯ ಇರ್ಲಿಲ್ಲ. ಬಿಚ್ಚಿ ನೋಡಿದ್ದು ಈ ಹುಡುಗಿ. ಹೇಗೆ ತಪ್ಪಾಯ್ತು ಅಂತ ಪೈಪು ಹಾಕಿದವರೇ ಹೇಳ್ತಾರೆ. ಅವರೂ ಬಂದಿದಾರೆ."

ಕಾರ್ಖಾನೆಯವರಲ್ಲಿ ಒಬ್ಬರು ಫೈಲು ಮುಚ್ಚಿದರು. ಇನ್ನೊಬ್ಬರು ಗಡಿಯಾರ ನೋಡಿಕೊಂಡರು. ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತರು. ಬಾಗಿಲ ಬಳಿ ಫಿಟ್ಟರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ. ಎಲ್ಲರೂ ಅವನ ಕಡೆ ತಿರುಗಿದರು.

ಕಿಟಕಿಯ ಪಕ್ಕದ ಹೆಂಗಸು ತಮ್ಮ ಬಳಿಯ ಕುರ್ಚಿಯ ಮೇಲಿದ್ದ ಕೈಚೀಲ ತೆಗೆದು ನೆಲದ ಮೇಲಿಟ್ಟರು. ಕುರ್ಚಿಯ ಬೆನ್ನಿಗೆ ಹರವಿದ್ದ ಶಾಲನ್ನು ಮಡಚಿ ತೊಡೆಯ ಮೇಲೆ ಹಾಕಿಕೊಂಡರು. ಆಮೇಲೆ ಆ ಖಾಲಿ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದರು.

ಫಿಟ್ಟರು ಅಂಗೈಗಳನ್ನು ಪ್ಯಾಂಟಿಗೆ ಎರಡೆರಡು ಸಲ ಒರೆಸಿಕೊಂಡು, ಮೇಜನ್ನು ಸುತ್ತಿ ಬಂದು, ಕುರ್ಚಿಯ ಅಂಚಿನಲ್ಲಿ ಕೂತ.