ಎರಡು ಗೀಟಿನ ಪೆಟ್ಟಿಗೆಗಳು

ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ದೊಡ್ಡಕ್ಕ ಒಮ್ಮೆ ಅಲುಗಿಸಿದಳು. ಒಳಗೆ ಗಾಜು ಸಣ್ಣಗೆ ಕಿಣಿಗುಟ್ಟಿತು. ಅದನ್ನು ಬಲಕ್ಕೆ ಸರಿಸಿ ಮುಂದಿನದನ್ನು ಎತ್ತಿಕೊಂಡಳು. ಅದೂ ಹಾಗೆಯೇ.

"ಒಂಬತ್ತಕ್ಕೆ ಒಂಬತ್ತೂ ಹೋಗಿವೆ. ಬಿಚ್ಚೋದೇ ಬೇಡ, ಹೂಜಿ ಕತ್ತು ಮುರಿದಿದೆ," ಎಂದಳು.

ಅಂಗಡಿಯವರೂ ಬಿಚ್ಚಿರಲಿಲ್ಲ. ಸದ್ದು ಕೇಳಿಯೇ ವಾಪಸು ಕಳಿಸಿದ್ದರು. ಚಿಕ್ಕ ಯಜಮಾನಿ ಕೈಕಟ್ಟಿ ನಿಂತಿದ್ದಳು. ಅಪ್ಪನಿಂದ ಕಾರ್ಖಾನೆ ಅವಳ ಕೈಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಉದ್ದ ಕತ್ತಿನ ಗಾಜಿನ ಹೂಜಿಗಳನ್ನು ಇನ್ನು ಥರ್ಮಾಕೋಲಿನಲ್ಲಿ ಕಟ್ಟುವುದು ಬೇಡ, ರದ್ದಿ ಕಾಗದದ ತಿರುಳಿನ ತಟ್ಟೆಗಳಲ್ಲಿ ಕಟ್ಟೋಣ ಎಂದು ಹಟ ಹಿಡಿದವಳು ಅವಳೇ. ಹಿತ್ತಲ ಚರಂಡಿಯಲ್ಲಿ ಅದರ ಬಿಳಿ ಕಾಳು ತುಂಬಿ ನೀರು ನಿಂತದ್ದು ಒಂದು ಕಾರಣ, ಥರ್ಮಾಕೋಲ್ ಕಂಡರೆ ಮುಖ ಸಿಂಡರಿಸುವ ಹೊಸ ಗಿರಾಕಿಗಳು ಇನ್ನೊಂದು. ಅರವತ್ತು ಹೂಜಿಗಳ ಮೊದಲ ಲೋಡು ಹೋದ ವಾರವಷ್ಟೇ ಹೊರಟಿತ್ತು.

"ಹನ್ನೊಂದು ಗಂಟೆಗೆ ತಟ್ಟೆಯವರನ್ನ ಬರೋಕೆ ಹೇಳಿದೀನಿ. ತಪ್ಪು ಅವರದ್ದಾದ್ರೆ ನಾಳೆಯಿಂದ ಹಳೇ ಪ್ಯಾಕಿಂಗೇ," ಎಂದು ಹೇಳಿ ಅವಳು ಆಫೀಸಿಗೆ ಹೋದಳು.

ತಟ್ಟೆಯವರೆಂದರೆ ಬೇರಾರೂ ಅಲ್ಲ, ದೊಡ್ಡಕ್ಕನ ಬೀಗರು. ಶಾಲೆಯಲ್ಲಿ ಕರಕುಶಲ ಕಲಿಸುತ್ತಿದ್ದ ಮೇಷ್ಟ್ರು. ನಿವೃತ್ತರಾದ ಮೇಲೆ ಸುಮ್ಮನೆ ಕೂರಲಾರದೆ ಮನೆಯ ಹಿಂದೆ ಷೆಡ್ಡು ಹಾಕಿ, ಹಳೇ ಪೇಪರು ನೆನೆಸಿ, ರುಬ್ಬಿ, ಅಚ್ಚಿಗೆ ಒತ್ತಿ ತಟ್ಟೆ ಮಾಡಲು ಶುರುಮಾಡಿದ್ದರು. ಅಳಿಯ ಇದ್ದ ಕೆಲಸ ಬಿಟ್ಟು ಅಪ್ಪನ ಜೊತೆ ಸೇರಿಕೊಂಡಿದ್ದ. ಈ ಕಾರ್ಖಾನೆ ಕೈಬಿಟ್ಟರೆ ಷೆಡ್ಡಿಗೆ ಬೀಗ, ಮಗಳ ಮನೆಯ ಒಲೆಗೆ ನೀರು.

ಇಪ್ಪತ್ತೆರಡು ವರ್ಷ ಪ್ಯಾಕಿಂಗ್ ಮಾಡಿದ ದೊಡ್ಡಕ್ಕನಿಗೆ ಆ ತಟ್ಟೆಗಳ ಮೇಲೆ ಮೊದಲ ದಿನದಿಂದಲೂ ನಂಬಿಕೆಯಿರಲಿಲ್ಲ. ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಎನ್ನುತ್ತಾರಲ್ಲ, ಹಾಗೆ ಒಮ್ಮೆ ದಪ್ಪ ಸಾಲದೆನ್ನಿಸಿದರೆ ಒಮ್ಮೆ ಅಂಚು ಒರಟೆನ್ನಿಸುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕಾಡಿದ್ದು ಹೂಜಿಯ ಕತ್ತಿನ ಸುತ್ತ ಬಿಟ್ಟಿದ್ದ ಒಂದು ಬೆರಳಿನಷ್ಟು ಸಂದು. "ಅದು ಬೇಕೂಂತಲೇ ಬಿಟ್ಟಿದ್ದು ಬೀಗಿತ್ತಿಯವರೇ. ಪೆಟ್ಟು ಬಿದ್ದಾಗ ತಟ್ಟೆ ಬಾಗಬೇಕು. ಅದು ಬಾಗಿದ್ರೆ ಗಾಜು ಉಳಿಯುತ್ತೆ," ಎಂದು ಮೇಷ್ಟ್ರು ಬೆಣ್ಣೆಯಂಥ ಮಾತಿನಲ್ಲಿ ವಿವರಿಸಿದ್ದರು. ಗಾಜು ಕೂದಲೆಳೆಯಷ್ಟೂ ಅಲುಗಬಾರದೆಂದು ಕೈಕೆಳಗಿನವರನ್ನು ಬೈದು ಬೈದೇ ತಲೆ ನೆರೆತವಳಿಗೆ ಇದು ಹೇಗೆ ಒಪ್ಪಿಗೆಯಾದೀತು? ತಿರುಳು ಉಳಿಸುವ ಉಪಾಯ ಇದು ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು. ಸೊಂಟದೆತ್ತರದಿಂದ ಪೆಟ್ಟಿಗೆ ಬೀಳಿಸಿ ಪರೀಕ್ಷೆ ಮಾಡಿದ ದಿನ ಒಂದೂ ಒಡೆಯಲಿಲ್ಲ. ಅವತ್ತಿಗೆ ಮಾತ್ರ ದಪ್ಪ ತಟ್ಟೆ ತಂದಿರುತ್ತಾರೆ ಎಂದುಕೊಂಡಳು. ಮಗಳನ್ನು ಕೇಳೋಣವೆಂದರೆ ಅವಳೀಗ ಆ ಮನೆಯವಳು, ಮಾವನನ್ನು ಬಿಟ್ಟುಕೊಟ್ಟಾಳೆಯೇ.

ಅದಕ್ಕೇ ಲೋಡು ಹೊರಡುವ ದಿನ ದೊಡ್ಡಕ್ಕ ಯಾರಿಗೂ ಹೇಳದೆ ಒಂದು ಕೆಲಸ ಮಾಡಿದ್ದಳು. ಹಳೆಯ ಥರ್ಮಾಕೋಲನ್ನೆಲ್ಲ ಕರಗಿಸಿ ಮತ್ತೆ ಬಳಸುವ ಕಾರ್ಖಾನೆಗೆ ಕಳಿಸಲು ಮೂಟೆ ಕಟ್ಟಿಟ್ಟಿದ್ದರು. ಊಟದ ಹೊತ್ತಿನಲ್ಲಿ ಮೂಟೆಯಿಂದ ಒಂದು ಹಲಗೆ ಎಳೆದು, ತುಂಡು ಮಾಡಿ, ಕತ್ತಿನ ಸಂದಿಗೆ ಒತ್ತಿ ತುಂಬಿದ್ದಳು. ಹನ್ನೆರಡು ಪೆಟ್ಟಿಗೆ ಆಗುವಷ್ಟರಲ್ಲಿ ಯಾರೋ ಬಂದರು. ತಾನು ಕಟ್ಟಿದ ಪೆಟ್ಟಿಗೆಯ ತಳದಲ್ಲಿ ಪೆನ್ಸಿಲಿನಿಂದ ಒಂದು ಗೀಟು ಎಳೆಯುವುದು ಅವಳ ಪದ್ಧತಿ. ಆ ಹನ್ನೆರಡಕ್ಕೆ ಎರಡೆರಡು ಗೀಟು ಎಳೆದಿದ್ದಳು.

ಆ ಹನ್ನೆರಡಾದರೂ ಉಳಿದವಲ್ಲ, ಇಲ್ಲದಿದ್ದರೆ ಇನ್ನೆಷ್ಟು ಬರುತ್ತಿದ್ದವೋ ಎಂದುಕೊಳ್ಳುತ್ತ ಪೆಟ್ಟಿಗೆಯೊಂದನ್ನು ಮಗುಚಿದಳು. ಎರಡು ಗೀಟು. ಇನ್ನೊಂದನ್ನು ಮಗುಚಿದಳು. ಅದಕ್ಕೂ ಎರಡು. ಒಂಬತ್ತನ್ನೂ ನೋಡಿ ಮುಗಿಸಿದಳು, ಎಲ್ಲಕ್ಕೂ ಎರಡೇ. ಮೇಲಿನದೊಂದರ ಬಾಯಿ ಬಿಚ್ಚಿ ಕೈಹಾಕಿದಳು. ಬಿಳಿ ತುಂಡು ಇಟ್ಟಲ್ಲೇ ಬಿಗಿಯಾಗಿ ಕೂತಿತ್ತು. ಅದಕ್ಕೆ ತಾಗಿದಲ್ಲೇ ಗಾಜಿನ ಕತ್ತು ತುಂಡಾಗಿತ್ತು. ತುಂಡನ್ನು ಕಿತ್ತು ಏಪ್ರನ್ನಿನ ಜೇಬಿಗೆ ತುರುಕಿ ಪೆಟ್ಟಿಗೆ ಮುಚ್ಚಿದಳು. ಅವಳಿಗೆ ನಿಜಕ್ಕೂ ಭಯವಾಯಿತು.

ಹನ್ನೊಂದಕ್ಕೆ ಮೇಷ್ಟ್ರು ಬಂದರು, ಜೊತೆಗೆ ದೊಡ್ಡಕ್ಕನ ಮಗಳು. ಲಾರಿ ಓಡಿಸುವವನನ್ನೂ ಕರೆಸಿದ್ದರು. ಇನ್ನೂ ಯಾರೂ ಏನೂ ಕೇಳಿರಲಿಲ್ಲ, ಅವನೇ ಶುರುಮಾಡಿದ: "ನಾನು ಎಲ್ಲೂ ಜೋರಾಗಿ ಓಡಿಸಿಲ್ಲ. ಗುಂಡಿ ಕಂಡಲ್ಲೆಲ್ಲ ಇಳಿದು ನೋಡಿ ದಾಟಿಸಿದೀನಿ."

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕಪ್ಪ ಹೆಗಲು ಮುಟ್ಟಿ ನೋಡ್ಕೋತೀಯ?" ಎಂದಳು ಚಿಕ್ಕ ಯಜಮಾನಿ.

ದೊಡ್ಡಕ್ಕ ಹೆಗಲು ಮುಟ್ಟಿಕೊಳ್ಳಲಿಲ್ಲ. ಆದರೆ ತೋಳಿನ ಕಡೆ ಕಣ್ಣು ಹೋಯಿತು. ಅಂಗಿಯ ತೋಳಿಗೆ ನಾಲ್ಕೈದು ಬಿಳಿ ಕಾಳು ಅಂಟಿಕೊಂಡಿದ್ದವು. ಕೊಡವಿದಳು. ಅವು ತೋಳಿನಿಂದ ಬೆರಳಿಗೆ, ಬೆರಳಿನಿಂದ ಏಪ್ರನ್ನಿಗೆ ಹತ್ತಿದವೇ ಹೊರತು ಕೆಳಗೆ ಬೀಳಲಿಲ್ಲ.

ಮೇಷ್ಟ್ರು ಒಂದು ಪೆಟ್ಟಿಗೆಗೆ ಕೈಹಾಕಿದರು. "ಬೇಡಿ, ಗಾಜು ಚುಚ್ಚುತ್ತೆ. ಆಮೇಲೆ ನಾನೇ ಬಿಚ್ತೀನಿ," ಎಂದು ದೊಡ್ಡಕ್ಕ ಅಡ್ಡ ಬಂದಳು. ಅವರು ಅವಳ ಮುಖವನ್ನು ಒಂದು ಕ್ಷಣ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಇಪ್ಪತ್ತೆರಡು ವರ್ಷದಲ್ಲಿ ದೊಡ್ಡಕ್ಕನ ಕೈಯಲ್ಲಿ ಒಂದೇ ಲೋಡಿಗೆ ಒಂಬತ್ತು ಹೋಗಿದ್ದಿಲ್ಲ ಮೇಷ್ಟ್ರೇ," ಎಂದಳು ಚಿಕ್ಕ ಯಜಮಾನಿ.

"ಇಲ್ಲ, ಅವರ ಕೈ ಮೇಲೆ ಅನುಮಾನ ಪಡೋ ಹಾಗಿಲ್ಲ." ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ತಪ್ಪು ನಮ್ಮದೇ ಇರಬೇಕು. ಮಧ್ಯೆ ಎರಡು ದಿನ ಮೋಡ ಇತ್ತು. ಸರಿಯಾಗಿ ಒಣಗದೆ ಇದ್ದಿರಬಹುದು."

"ಒಣಗಿತ್ತು ಮಾವ," ಎಂದಳು ಮಗಳು. ಅಷ್ಟು ಹೇಳಿ ಅಮ್ಮನ ಕಡೆ ನೋಡಿದಳು. ಅವಳ ಬೆರಳುಗಳು ತಿರುಳಿನ ನೀರಿನಲ್ಲಿ ನೆನೆದು ನೆನೆದು ಗೆರೆಗೆರೆಯಾಗಿ ಒಡೆದಿದ್ದವು. "ಆದ್ರೆ ಅಮ್ಮ ಕಟ್ಟಿದ್ದೂ ಸರಿಯಾಗೇ ಇರುತ್ತೆ. ಹಾಗಾದ್ರೆ ಎಲ್ಲಿ ತಪ್ಪಿತೋ ಗೊತ್ತಾಗ್ತಿಲ್ಲ."

"ಸರಿ ಹಾಗಾದ್ರೆ," ಎಂದು ಚಿಕ್ಕ ಯಜಮಾನಿ ಮೂಲೆಯ ಮೂಟೆಯ ಕಡೆ ನೋಡಿದಳು. "ಆ ಮೂಟೆ ಕಳಿಸೋದು ಬೇಡ, ಬಿಚ್ಚಿಡಿ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಮೂಟೆ ಬಿಚ್ಚುತ್ತಾರೆ, ಹಳೇ ಕೆಲಸ ಹಳೇ ದಾರಿಗೆ ಬೀಳುತ್ತದೆ, ಇಪ್ಪತ್ತೆರಡು ವರ್ಷದ ಹೆಸರು ಹೆಸರಾಗಿಯೇ ಉಳಿಯುತ್ತದೆ. ದೊಡ್ಡಕ್ಕ ಸುಮ್ಮನಿರಲೆಂದೇ ತುಟಿ ಬಿಗಿಹಿಡಿದಿದ್ದಳು. ಆದರೆ ಮಗಳು ಒಡೆದ ಬೆರಳುಗಳಿಂದ ತಲೆಗೂದಲು ಸರಿಮಾಡಿಕೊಂಡದ್ದನ್ನು ನೋಡಿ ಅವಳಿಗೆ ಸುಮ್ಮನಿರಲಾಗಲಿಲ್ಲ.

"ಒಂದು ನಿಮಿಷ," ಎಂದು ಎರಡು ಹೊಸ ಹೂಜಿ ತಂದು, ಎಲ್ಲರೆದುರೇ ಎರಡು ಪೆಟ್ಟಿಗೆ ಕಟ್ಟಿದಳು. ಒಂದನ್ನು ಮೇಷ್ಟ್ರು ಹೇಳಿದ ಹಾಗೆಯೇ ಸಂದು ಬಿಟ್ಟು ಕಟ್ಟಿದಳು. ಇನ್ನೊಂದರ ಸಂದಿಗೆ ಜೇಬಿನಲ್ಲಿದ್ದ ಬಿಳಿ ತುಂಡನ್ನು ತೆಗೆದು ಒತ್ತಿದಳು.

ಮೊದಲನೆಯದನ್ನು ಸೊಂಟದೆತ್ತರದಿಂದ ಬಿಟ್ಟಳು. ದೊಪ್ಪನೆ ಬಿತ್ತು. ಎತ್ತಿ ಅಲುಗಿಸಿದಳು, ಸದ್ದಿಲ್ಲ. ಈಗಲೂ ಅವಳ ಮನಸ್ಸಿನ ಒಂದು ಮೂಲೆ ಅದು ಒಡೆಯಲಿ ಎಂದೇ ಕಾಯುತ್ತಿತ್ತು. ಎರಡನೆಯದನ್ನು ಬಿಟ್ಟಳು. ಬಿದ್ದ ಸದ್ದಿನೊಳಗೇ ಇನ್ನೊಂದು ಸಣ್ಣ ಸದ್ದು ಕೇಳಿಸಿತು.

"ಆ ಒಂಬತ್ತಕ್ಕೂ ನಾನೇ ತುಂಬಿದ್ದೆ," ಎಂದಳು ದೊಡ್ಡಕ್ಕ. "ನಂಬಿಕೆ ಇರಲಿಲ್ಲ. ತಿರುಳು ಕಮ್ಮಿ ಹಾಕ್ತಾರೆ ಅಂತ ಅಂದ್ಕೊಂಡಿದ್ದೆ."

ಮೇಷ್ಟ್ರು ನೆಲದ ಮೇಲಿನ ಪೆಟ್ಟಿಗೆಯನ್ನು ನೋಡುತ್ತಿದ್ದರೇ ಹೊರತು ಅವಳನ್ನು ನೋಡಲಿಲ್ಲ. ಚಿಕ್ಕ ಯಜಮಾನಿ, "ಮೂಟೆ ಹೋಗ್ಲಿ. ಮುಂದಿನ ಲೋಡು ತಟ್ಟೆಯಲ್ಲೇ," ಎಂದಳು. ಬಾಗಿಲ ಬಳಿ ನಿಂತು, "ನಿಮ್ಮ ಹತ್ರ ನಾಳೆ ಮಾತಾಡ್ತೀನಿ ದೊಡ್ಡಕ್ಕ," ಎಂದು ಸೇರಿಸಿದಳು. ಮೇಷ್ಟ್ರು, ಲಾರಿಯವನು ಅವಳ ಹಿಂದೆ ಹೊರಗೆ ಹೋದರು.

ಮಗಳು ಹೋಗಲಿಲ್ಲ.

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲಮ್ಮ."

"ನೀನು ಮಾವನ್ನ ಬಿಟ್ಟುಕೊಡ್ತೀಯ ಅಂತ ಹೇಗೆ ಅಂದ್ಕೊಳ್ಳಲಿ?"

"ಮಾವ ಅಚ್ಚು ಮಾಡಿಕೊಟ್ಟರು, ಅಷ್ಟೇ. ಆ ಅರವತ್ತು ತಟ್ಟೆ ಒತ್ತಿದ್ದು ನಾನು."

ಮಗಳು ಹತ್ತಿರ ಬಂದು ಅವಳ ತೋಳನ್ನು ಬೆಳಕಿನ ಕಡೆ ತಿರುಗಿಸಿದಳು. ಅಂಟಿಕೊಂಡಿದ್ದ ಬಿಳಿ ಕಾಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು. ಬಿಡಿಸಿದ್ದೆಲ್ಲ ಅವಳ ಒಡೆದ ಬೆರಳುಗಳಿಗೇ ಅಂಟಿಕೊಳ್ಳುತ್ತಿತ್ತು.