ರೇಷ್ಮೆಯ ಮೇಲಿಂದ ಹಿಡಿದ ನಾಡಿ

ಗಿರಿಯಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಸಂಜೆಗೆ ಅಮರಗೋಳದಿಂದ ಬೀಗರು ಬರುವವರಿದ್ದರು. ಬಂದು, ಎರಡೂ ಕಡೆಯವರು ಒಂದೊಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮುಗಿಯಿತು, ಮಗಳು ಕಸ್ತೂರೆವ್ವನ ಮದುವೆ ಗಟ್ಟಿ. ಆಮೇಲೆ ದೇವರೇ ಇಳಿದು ಬಂದರೂ ಮಾತು ತಿರುಗಿಸುವಂತಿಲ್ಲ.

ಹುಡುಗಿಗೆ ಹದಿನಾಲ್ಕು ತುಂಬಿತ್ತು. ಇನ್ನು ಇಪ್ಪತ್ತೇ ದಿನಕ್ಕೆ ಧಾರವಾಡದಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ. ಪಾಸಾದರೆ ಸರಕಾರಿ ಶಾಲೆಯಲ್ಲಿ ಅಕ್ಕೋರು ಆಗಬಹುದು, ಪಾಠ ಹೇಳಬಹುದು. ಹುಬ್ಬಳ್ಳಿಯ ಊರಾಚೆಗಿದ್ದ ಅವರ ಕೇರಿಯಲ್ಲಿ ಅಷ್ಟು ದೂರ ಓದಿದ ಹೆಣ್ಣು ಅವಳೊಬ್ಬಳೇ. ಬೀಗರು ಮಾತ್ರ ಖಡಾಖಂಡಿತ ಹೇಳಿ ಕಳಿಸಿದ್ದರು: ಸಕ್ಕರೆ ತಿಂದ ಮೇಲೆ ಹುಡುಗಿ ಶಾಲೆಯ ಹೊಸ್ತಿಲು ತುಳಿಯಬಾರದು, ಪರೀಕ್ಷೆ ಗಿರೀಕ್ಷೆ ನಡೆಯುವುದಿಲ್ಲ. ಬೆಳಿಗ್ಗೆಯೇ ಅವಳು ಪುಸ್ತಕಗಳನ್ನು ಹಳೆಯ ಪಂಜೆಯಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದಳು.

"ಅಪ್ಪಾ, ಇಪ್ಪತ್ತ ದಿನ ತಡಿಯಾಕ ಆಗೂದಿಲ್ಲೇನು?" ಎಂದು ಒಮ್ಮೆ ಕೇಳಿದ್ದಳು.

"ಇಪ್ಪತ್ತ ದಿನ ನನ್ನ ಕೈಯಾಗ ಅದಾವೇನವಾ?" ಎಂದಿದ್ದ ಗಿರಿಯಪ್ಪ.

ಅವನಿಗೆ ಎದೆನೋವಿತ್ತು. ಒಂದೂವರೆ ವರ್ಷದಿಂದ ಎದೆಗೂಡಿನ ಎಡಕ್ಕೆ ಸೂಜಿ ಚುಚ್ಚಿದ ಹಾಗೆ. ಉಸಿರು ಜೋರಾಗಿ ಎಳೆದರೆ ಚುಳ್, ಕೈ ಮೇಲೆತ್ತಿದರೆ ಚುಳ್. ಒಂದು ದಿನ ಮಾಯವಾದರೆ ಮರುದಿನ ಹಾಜರು. ಕಾರಣ ಹೇಳುವವರಿಗೇನು ಬರವೇ? ವಾಯು ಎಂದು ಹೆಂಡತಿ ಯಂಕವ್ವ ಓಮಿನ ನೀರು ಕುಡಿಸಿದಳು. ಯಾರದೋ ಕಣ್ಣು ಬಿದ್ದಿದೆ ಎಂದು ಪಕ್ಕದ ಮನೆಯ ರುಕ್ಮವ್ವ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು, ಇಡೀ ಓಣಿ ಕೆಮ್ಮಿತು. ಇಂಜಿನ್ನಿನ ಹೊಗೆ ಪುಪ್ಪುಸಕ್ಕೆ ಹತ್ತಿದೆ ಎಂದ, ಅವನ ಜೊತೆ ರೇಲ್ವೆ ಕಾರಖಾನೆಯಲ್ಲಿ ದುಡಿಯುವ ಬೀರಪ್ಪ. ಗಿರಿಯಪ್ಪ ಖಾರ ಬಿಟ್ಟ, ಚಹಾ ಬಿಟ್ಟ, ಬೀಡಿ ಬಿಟ್ಟ. ನೋವು ಅವನನ್ನು ಬಿಡಲಿಲ್ಲ.

ಕೊನೆಗೆ, ಹನ್ನೊಂದು ತಿಂಗಳ ಹಿಂದೆ, ಪೇಟೆಯ ಒಬ್ಬ ಪಂಡಿತರ ಹತ್ತಿರ ಹೋಗಿದ್ದ. ಪಂಡಿತರು ಕೆಟ್ಟವರೇನಲ್ಲ, ಔಷಧ ಪುಕ್ಕಟೆ ಕೊಟ್ಟರು. ಆದರೆ ಈ ಕೇರಿಯವರ ಮೈ ಮುಟ್ಟಿದರೆ ಅವರು ಸ್ನಾನ ಮಾಡಬೇಕು. ರೇಷ್ಮೆಗೆ ಮೈಲಿಗೆ ಇಲ್ಲವಂತೆ, ನೋಡಿ! ಹಾಗಾಗಿ ಅಂಗಳದಲ್ಲಿ ನಿಂತವನ ಮಣಿಕಟ್ಟಿನ ಮೇಲೆ ರೇಷ್ಮೆಯ ವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿ, ಅದರ ಮೇಲೆ ಎರಡು ಬೆರಳಿಟ್ಟು ಕಣ್ಣು ಮುಚ್ಚಿದರು.

"ನಾಡಿ ಭಾಳ ಕ್ಷೀಣ ಅದನೋ. ಹೃದಯ ಸೋತದ. ಒಂದು ವರ್ಷ ತಗದರ ಹೆಚ್ಚು. ಎದಿ ಮ್ಯಾಲೆ ಯಾರೂ ಕೈ ಇಡಬಾರದು, ಒತ್ತಬಾರದು, ತಿಳೀತಿಲ್ಲೋ?"

ತಿಳಿಯಿತು. ಅಂದಿನಿಂದ ಅವನ ಎದೆ ಗಾಜಿನ ಸಾಮಾನಾಯಿತು. ಯಂಕವ್ವ ಎಣ್ಣೆ ಹಚ್ಚಲು ಬಂದರೆ ಕೈ ದೂಡಿದ. ಮಗಳು ಹತ್ತಿರ ಕೂತರೆ ಸರಿದು ಕೂತ. ಸಾಯುವ ಮನುಷ್ಯ ಮಗಳನ್ನು ದಡ ಸೇರಿಸದೆ ಹೇಗೆ ಸಾಯಬೇಕು? ಅಮರಗೋಳಕ್ಕೆ ಹೇಳಿ ಕಳಿಸಿದ್ದು ಆ ಭಯದಿಂದಲೇ.

ಆ ದಿನ ಮಧ್ಯಾಹ್ನ ಅವನಿಗೆ ಹೊಸ ಭಯ ಹುಟ್ಟಿತು. ಸಕ್ಕರೆಯೇನೋ ಸಂಜೆಗೆ ತಿನ್ನಬಹುದು, ಮದುವೆಯ ಅಕ್ಕಿಕಾಳು ಬೀಳುವ ಮೊದಲೇ ತಾನು ಹೋಗಿಬಿಟ್ಟರೆ? "ಈಗ ಬಂದೆ" ಎಂದು ಯಂಕವ್ವನಿಗೆ ಹೇಳಿ ಹೊರಬಿದ್ದ. ಸ್ಟೇಶನ್ ರಸ್ತೆಯಲ್ಲಿ ಶರೀಫಸಾಬ ಎಂಬ ಹೊಸ ಡಾಕ್ಟರು ದವಾಖಾನೆ ತೆರೆದಿದ್ದರು. ಅದರ ಮುಂದೆ ಮೂರು ಸಲ ಹೋದ, ಮೂರು ಸಲ ಬಂದ. ನಾಲ್ಕನೆಯ ಸಲ ಮೆಟ್ಟಿಲ ಕೆಳಗೆ ನಿಂತು, ರೂಢಿಯಂತೆ ಕೈ ಮುಂದೆ ಚಾಚಿದ.

"ಅಲ್ಲೇ ಯಾಕ ನಿಂತಿ? ಒಳಗ ಬಾರಪಾ," ಎಂದರು ಡಾಕ್ಟರು.

"ಇಲ್ರಿ ಸಾಹೇಬ್ರ, ನಾವು ಆ ಕೇರಿಯವ್ರು…"

"ಯಾವ ಕೇರಿಯವ್ರರ ಆಗು. ಅಂಗಳದಾಗ ನಿಂತ್ರ ನಿನ್ನ ಎದಿ ನನಗ ಹೆಂಗ ಕೇಳಸತೈತಿ?"

ಗಿರಿಯಪ್ಪ ಅಳುಕುತ್ತ ಒಳಗೆ ಬಂದ. "ಮಗಳ ಮದುವಿ ಮುಗಿಯೂತನಕ ಜೀವ ಹಿಡಿಯೂ ಹಂಗ ಏನರ ಔಷಧ ಕೊಡ್ರಿ. ಒಂದ ತಿಂಗಳು ಸಾಕ್ರಿ, ಹೆಚ್ಚ ಬ್ಯಾಡ."

ಡಾಕ್ಟರು ಅವನನ್ನೇ ನೋಡಿದರು. ಆಮೇಲೆ ಒಂದೊಂದೇ ಕೇಳತೊಡಗಿದರು. "ದಿಬ್ಬ ಹತ್ತಿದ್ರ, ಜೋರ ನಡದ್ರ ನೋವು ಬರತೈತೇನು?"

ಗಿರಿಯಪ್ಪ ಯೋಚಿಸಿದ. ಹೋದ ಐತವಾರ ತಳಮಳ ತಡೆಯಲಾರದೆ ಉಣಕಲ್ ಕೆರೆಯವರೆಗೆ ದಾಪುಗಾಲು ಹಾಕಿ ಹೋಗಿ ಬಂದಿದ್ದ. "ಇಲ್ರಿ."

"ಉಂಡ ಮ್ಯಾಲೆ ಉರೀತೈತೇನು? ಕೆಮ್ಮು, ಜ್ವರ, ಕಫದಾಗ ರಕ್ತ?"

"ಏನೂ ಇಲ್ರಿ. ಐತವಾರ ಹಗರ ಇರತೈತಿ, ಸೋಮವಾರ ಸಂಜಿಗೆ ಮತ್ತ ಶುರು."

"ಕೆಲಸ ಏನು ಮಾಡತಿ?"

"ಕಾರಖಾನ್ಯಾಗ ಬೈರಿಗಿ ಹಿಡೀತೇನ್ರಿ." ಅವನು ಎದ್ದು ಮಾಡಿ ತೋರಿಸಿದ. ಬೈರಿಗೆಯ ಹಿಂದಿನ ಕಬ್ಬಿಣದ ತಟ್ಟೆಯನ್ನು ಎದೆಗೆ ಕೊಟ್ಟು, ಮೈಭಾರವೆಲ್ಲ ಅದರ ಮೇಲೆ ಹಾಕಿ, ಕೈಯಿಂದ ತಿರುಗಿಸುತ್ತ ತಗಡಿಗೆ ತೂತು ಕೊರೆಯಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಅದೇ.

ಡಾಕ್ಟರು ನಳಿಗೆಯಿಟ್ಟು ಎದೆ, ಬೆನ್ನು ಬಹಳ ಹೊತ್ತು ಕೇಳಿದರು. ಆಮೇಲೆ ನಳಿಗೆ ತೆಗೆದು, ಬರಿಗೈಯ ಹೆಬ್ಬೆರಳನ್ನು ಎದೆಗೂಡಿನ ಎಡಕ್ಕಿಟ್ಟು ಒತ್ತಿದರು.

"ಅಯ್ಯಯ್ಯಪ್ಪಾ! ಅದ! ಅದ ನೋಡ್ರಿ ನೋವು!"

"ಖರೇ ಇದನ?" ಎಂದು ಮತ್ತೊಮ್ಮೆ ಒತ್ತಿದರು. ಅದೇ ಸೂಜಿ, ಅದೇ ಜಾಗ.

"ಹೃದಯದ ನೋವು ಹಿಂಗ ಹೆಬ್ಬಟ್ಟಿಗೆ ಸಿಗೂದಿಲ್ಲೋ ತಮ್ಮಾ. ಇದು ಪಕ್ಕೆಲುಬಿನ ಸಂದು. ಬೈರಿಗಿ ಒತ್ತಿ ಒತ್ತಿ ಬಾತೈತಿ. ಶಾಖಾ ಕೊಡು, ತಟ್ಟಿ ಕೆಳಗ ಕೌದಿ ತುಂಡ ಇಟಗೋ, ಒಂದ ತಿಂಗಳು ಬ್ಯಾರೆ ಕೆಲಸ ಕೇಳು. ಹೃದಯ ಛಲೋ ಐತಿ."

"ನಾಡಿ ಕ್ಷೀಣ ಐತಿ ಅಂದಿದ್ರಲ್ರೀ ಪಂಡಿತರು?" ಗಿರಿಯಪ್ಪ ರೇಷ್ಮೆಯ ಕತೆ ಹೇಳಿದ.

ಡಾಕ್ಟರು ಅವನ ಮಣಿಕಟ್ಟು ಹಿಡಿದು ನೋಡಿದರು. "ಭೇಷಿ ಐತಿ. ನಾಕ ಮಡಿಕಿ ಅರಿವಿ ಮ್ಯಾಲಿಂದ ಹಿಡದ್ರ ಪೈಲ್ವಾನನ ನಾಡಿನೂ ಕ್ಷೀಣನ."

ಸಂತೋಷವಾಗಬೇಕಿತ್ತು ಅಲ್ಲವೇ? ಗಿರಿಯಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಒಂದು ಬೆರಳು ಸಾಕಾಗಿತ್ತು! ಒಂದೇ ಬೆರಳು ಮುಟ್ಟದಿದ್ದುದಕ್ಕೆ ಇಷ್ಟು ದಿನ ಸತ್ತುಕೊಂಡೇ ಬದುಕಿದ. ಎಣ್ಣೆ ಹಚ್ಚಲು ಬಂದ ಯಂಕವ್ವನ ಕೈಯನ್ನೂ ದೂಡಿದನಲ್ಲ! ಅಷ್ಟರಲ್ಲಿ ಕಿಟಕಿಯ ಬಿಸಿಲು ಕೆಂಪಾದದ್ದು ಕಣ್ಣಿಗೆ ಬಿತ್ತು.

"ಸಕ್ರಿ!" ಎಂದು ಕೂಗಿ ಅಂಗಿ ಕೈಯಲ್ಲೇ ಹಿಡಿದು ಓಡಿದ.

ಮನೆಯಲ್ಲಿ ಬೀಗ ಮಹಾದೇವಪ್ಪ ಕಂಬಳಿಯ ಮೇಲೆ ಕೂತಿದ್ದ. ನಡುವೆ ಸಕ್ಕರೆಯ ತಟ್ಟೆ. "ಬರ್ರಿ ಬರ್ರಿ, ನಿಮ್ಮ ಸಲುವಾಗೇ ತಡದೇವಿ," ಎಂದು ತಟ್ಟೆಗೆ ಕೈ ಹಾಕಿದ.

"ಸಕ್ರಿ ಬ್ಯಾಡ್ರಿ," ಎಂದ ಗಿರಿಯಪ್ಪ ಏದುಸಿರಿನಲ್ಲಿ. "ಹುಡುಗಿ ಪರೀಕ್ಷಾಕ್ಕ ಕೂಡ್ರತಾಳ. ತಪ್ಪಾತು, ಕೈ ಮುಗೀತೇನಿ."

"ಏನ ಮಾತಾಡತೀರಿ? ನಾಳೆ ನಿಮಗ ಏನರ ಆದ್ರ ಆಕೀನ ಯಾರು ನೋಡವ್ರು?"

ಗಿರಿಯಪ್ಪ ನೇರ ಬಾಗಿಲ ಮರೆಯಲ್ಲಿದ್ದ ಮಗಳ ಹತ್ತಿರ ಹೋಗಿ, ಅವಳ ಹೆಬ್ಬೆರಳು ಹಿಡಿದು ಎದೆಯ ಮೇಲಿಟ್ಟುಕೊಂಡ. ಅವಳು ಹೆದರಿ ಕೈ ಎಳೆದಳು. "ಬ್ಯಾಡಪ್ಪಾ, ಒತ್ತಬಾರದಂತ…"

"ಒತ್ತವಾ. ನಾ ಹೇಳತೇನಿ, ಒತ್ತು."

ಅವಳು ಕಣ್ಣು ಮುಚ್ಚಿ ಒತ್ತಿದಳು. "ಅಯ್ಯಯ್ಯೋ!" ಎಂದು ಚೀರಿದ ಗಿರಿಯಪ್ಪ, ಚೀರುತ್ತಲೇ ನಕ್ಕ, ನಗುತ್ತಲೇ ಅತ್ತ. ಯಂಕವ್ವ ಓಡಿ ಬಂದಳು. ಬೀಗ ಗಾಬರಿಯಾಗಿ ಎದ್ದು ನಿಂತ.

"ಎಲಬು ಐತ್ರವಾ, ಬರೇ ಎಲಬು! ನಾ ಸಾಯೂದಿಲ್ಲ!"

ಮಹಾದೇವಪ್ಪ ಗೊಣಗುತ್ತ ಕೆರ ಮೆಟ್ಟಿಕೊಂಡು ಹೋದ. ಯಂಕವ್ವ ಸಕ್ಕರೆಯನ್ನು ಡಬ್ಬಿಗೆ ಸುರಿದಳು. ಕಸ್ತೂರೆವ್ವನ ಕೈ ಇನ್ನೂ ಅಪ್ಪನ ಎದೆಯ ಮೇಲೆಯೇ ಇತ್ತು.

"ಅಪ್ಪಾ, ಪುಸ್ತಕ ಇಳಸಲೇನು?" ಎಂದಳು.

"ನೀ ಇರು," ಎಂದು ಗಿರಿಯಪ್ಪ ತಾನೇ ಅಟ್ಟಕ್ಕೆ ಕೈ ಎತ್ತಿದ. ಚುಳ್ ಎಂದಿತು. ಎನ್ನಲಿ ಎಂದುಕೊಂಡು ಗಂಟು ಇಳಿಸಿ ಕೊಟ್ಟ.