ಮರ್ಗಟ್ರಾಯ್ಡರ ಮನೆಯ ಗೋಡೆ

ವಿಲ್ಫ್ರೆಡ್ ಮರ್ಗಟ್ರಾಯ್ಡ್ ಮಹಾಶಯರ ಮನೆಗೆ ಹೋಗಿಬರುವವರು ಅವರ ಮುಖಕ್ಕಿಂತ ಅವರ ಗೋಡೆಯನ್ನೇ ಹೆಚ್ಚು ಬಲ್ಲರು. ಬ್ಯಾಂಕಿನವರು ಅಂಚೆಯಲ್ಲಿ ಕಳಿಸಿದ ಖಾತೆಯಿಂದ ಹಣ ಕಳಿಸಲು ಬೇಕಾದ ಅಂಕಿಗಳನ್ನು ತೋರಿಸುವ, ಅಂಗೈಯಗಲದ ಕಾರ್ಡ್ ರೀಡರನ್ನು ಅವರು ಕೋಟಿನ ಒಳಜೇಬಿನಿಂದ ಹೊರತೆಗೆದರೆಂದರೆ ಕೋಣೆಯಲ್ಲಿದ್ದವರೆಲ್ಲ ಗೋಡೆಗೆ ಮುಖಮಾಡಿ ನಿಲ್ಲಬೇಕು. ಹೆಂಡತಿ ಹಿಲ್ಡಾಗೂ ವಿನಾಯಿತಿಯಿಲ್ಲ; ಒಮ್ಮೆ ಚಹಾಕ್ಕೆ ಬಂದ ಪಾದ್ರಿಗಳೂ ಬಿಸ್ಕತ್ತು ಹಿಡಿದುಕೊಂಡೇ, ಪಾಠ ಒಪ್ಪಿಸದ ಹುಡುಗನಂತೆ ಮೂಲೆ ಸೇರಿದ್ದರು. ಅಂಗಡಿಯಲ್ಲಿ ಒಬ್ಬರು ಗುಪ್ತಸಂಖ್ಯೆ ಒತ್ತುವಾಗ ಹಿಂದಿನವರು ಬೇರೆ ಕಡೆ ನೋಡುವುದು ನಮ್ಮ ಯಾರ್ಕ್‌ಷೈರಿನ ಸಭ್ಯತೆ. ಅದನ್ನು ಮನೆಯೊಳಗೆ ತಂದು ಶಾಸನ ಮಾಡಿದವರು ಇವರೊಬ್ಬರೇ.

“ನಾನೇನು ಕಳ್ಳೀನಾ?” ಎಂದು ಹಿಲ್ಡಾ ಗೊಣಗುವುದಿತ್ತು.

“ಕಳ್ಳಿ ಅಂದ್ನಾ? ತಿರುಗು ಅಂದೆ, ಅಷ್ಟೆ.”

ಊರಿನ ಹಿತ್ತಾಳೆ ವಾದ್ಯಮೇಳಕ್ಕೆ ಅವರು ಖಜಾಂಚಿ, ನಾನು ಅದರಲ್ಲಿ ಕೊಂಬೂದುವವನು. ಗಿರಣಿ ಮುಚ್ಚಿದ ಮೇಲೂ ಊರಲ್ಲಿ ಉಳಿದದ್ದು ಆ ಮೇಳವೊಂದೇ. ಹೊಸ ವಾದ್ಯಗಳಿಗೆಂದು ಮನೆಮನೆಯವರೂ ಕೇಕು ಮಾರಿ ಕೂಡಿಸಿದ ಹಣ ಹೋದರೆ ಮೇಳವೂ ಹೋದಂತೆಯೇ. ಆ ಹಣವನ್ನು ವಾದ್ಯದಂಗಡಿಗೆ ಕಳಿಸಲು ಅವರು ಕುಳಿತು, ಹಿಲ್ಡಾ ಮತ್ತು ನಾನು ಗೋಡೆಯ ಹೂಬಳ್ಳಿ ನೋಡುತ್ತ ನಿಂತಿದ್ದಾಗ ಫೋನು ಬಂತು. ಅವರು ಸ್ಪೀಕರಿನ ಗುಂಡಿ ಅದುಮಿದರು. ಬ್ಯಾಂಕಿನವನಂತೆ, ಖಾತೆಗೆ ಕಳ್ಳರು ನುಗ್ಗಿದ್ದಾರಂತೆ, ರೀಡರಿಗೆ ಕಾರ್ಡು ಹಾಕಿ, ಗುಪ್ತಸಂಖ್ಯೆ ಒತ್ತಿ, ಪರದೆಯಲ್ಲಿ ಮೂಡುವ ಅಂಕಿಗಳನ್ನು ಓದಿ ಹೇಳಿದರೆ ತಡೆಯುತ್ತಾನಂತೆ. ಮರ್ಗಟ್ರಾಯ್ಡರು ಕಾರ್ಡು ತೂರಿಸಿಯೇಬಿಟ್ಟ ಸದ್ದು ಕೇಳಿತು. ಇದು ಮೋಸವೆಂದು ಹೊಳೆದು ನಾನು ಬೇಡವೆನ್ನಲು ತಿರುಗಿದೆ.

“ಗೋಡೆ!” ಎಂದು ನನ್ನನ್ನು ಗದರಿ, ಫೋನಿಗೆ ಹೇಳಿದರು: “ನೀನೂ ತಿರುಗು ತಮ್ಮಾ.”

“ಸಾರ್, ನಾನಿರೋದು ಫೋನಲ್ಲಿ. ನಂಗೇನೂ ಕಾಣ್ಸಲ್ಲ.”

“ಪಾದ್ರಿನೇ ತಿರುಗಿ ನಿಂತಿದ್ರು. ನಿಂದೇನಪ್ಪಾ ದೊಡ್ಡಸ್ತಿಕೆ?”

ಆ ಕಡೆ ಕುರ್ಚಿ ಕಿರುಗುಟ್ಟಿತು. “ತಿರುಗ್ದೆ ಸಾರ್. ಒತ್ತಿ. ಬಂತಾ? ಈಗ ಓದಿ.”

ಮರ್ಗಟ್ರಾಯ್ಡರು ತುಸು ಯೋಚಿಸಿದರು. “ತಿರುಗಿ ಕೂತೋನಿಗೆ ನಂಬರ್ ಯಾಕೋ?”

“ಬೇಗ ಸಾರ್, ದುಡ್ಡು ಹೋಗ್ತಾ ಇದೆ!”

“ಕಟ್ಕೊಂಡ ಹೆಂಡ್ತಿಗೇ ತೋರಿಸಿಲ್ಲ, ನೀನ್ಯಾವ ದೊಣ್ಣೆನಾಯಕ!” ಎಂದು ಫೋನು ಕುಕ್ಕಿದರು.

ಹಿಲ್ಡಾ ನಗುತ್ತ, ಕಣ್ಣೊರೆಸಿಕೊಳ್ಳುತ್ತ ಕುರ್ಚಿಯಲ್ಲಿ ಕುಸಿದರು. ನನಗೆ ಮರ್ಗಟ್ರಾಯ್ಡರನ್ನು ತಬ್ಬಿಕೊಳ್ಳಬೇಕೆನ್ನಿಸಿತು.

ನಾವು ಜಾಣರು ಮನುಷ್ಯರ ಮುಖ ನೋಡಿ, ದನಿ ಕೇಳಿ ನಿಯಮ ಸಡಿಲಿಸುತ್ತೇವೆ. ಮೋಸಗಾರನ ಹೊಟ್ಟೆ ತುಂಬುವುದು ಆ ದಾಕ್ಷಿಣ್ಯದಿಂದಲೇ. ಇಂಥ ಮೊಂಡರಿಗೆ ಆ ಜಾಣತನವಿಲ್ಲ. ಅವರೊಡನೆ ಬಾಳುವುದು ಕಷ್ಟ, ಅವರನ್ನು ಕಂಡು ನಗುವುದು ಸುಲಭ. ಆದರೆ ಊರಿನ ಗಂಟನ್ನು ಯಾರ ಕೈಗೆ ಕೊಡೋಣವೆಂಬ ಮಾತು ಬಂದಾಗ, ನಕ್ಕವರೆಲ್ಲ ಸದ್ದಿಲ್ಲದೆ ಅವರ ಬಾಗಿಲನ್ನೇ ತಟ್ಟುತ್ತಾರೆ.